ಪಟ್ಟಿಯಲ್ಲಿ ಹಾಲುಮತ ಇರಲಿಲ್ಲ

ಹುಣಸೆ ಬೀಜವನ್ನು ಹುರಿದು, ಬೀಸಿ, ಕಂಬಳಿಯ ನೂಲಿಗೆ ಗಂಜಿ ಕಾಯಿಸುವಾಗ ಏಳುವ ವಾಸನೆಗೆ ನಾನು ಬಲ್ಲ ಯಾವ ನಿಘಂಟಿನಲ್ಲೂ ಹೆಸರಿಲ್ಲ. ಸುಟ್ಟ ತೊಗಟೆಯ ಒಗರು, ಅದರಡಿಯಲ್ಲಿ ಮಂದವಾದೊಂದು ಸಿಹಿ. ಉಣ್ಣೆಗೆ ತಗುಲಿದಾಗ ಮಳೆಯಲ್ಲಿ ನೆನೆದ ಕುರಿಯ ಮೈಬಿಸುಪೂ ಅದರೊಳಗೆ ಸೇರಿಕೊಳ್ಳುತ್ತದೆ. ಕಳೆದ ವರ್ಷ ಕೈಮಗ್ಗದ ಮೇಳವೊಂದರಲ್ಲಿ, ಕರಿ ಕಂಬಳಿಗಳನ್ನು ಅಡಕಿಟ್ಟಿದ್ದ ಮಳಿಗೆಯ ಮುಂದೆ ಆ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಪಕ್ಕದಲ್ಲಿ ಇಬ್ಬರು ಹಿರಿಯರು ಕಂಬಳಿಯ ಅಂಚನ್ನು ಬೆರಳಿನಿಂದ ಉಜ್ಜಿ ನೋಡುತ್ತಿದ್ದರು. ಒಬ್ಬರ ಮೊಮ್ಮಗನಿಗೆ ವೈದ್ಯಕೀಯ ಸೀಟು ಸಿಕ್ಕಿರಲಿಲ್ಲವಂತೆ. ಮೀಸಲಾತಿಯವರು ಅದನ್ನು ಕಿತ್ತುಕೊಂಡರಂತೆ. ಜೀವಮಾನವನ್ನೆಲ್ಲ ಪದಗಳ ಮತ್ತು ದಾಖಲೆಗಳ ನಡುವೆ ಕಳೆದವಳಿಗೆ ಆ ಕ್ರಿಯಾಪದ ಮುಳ್ಳಿನಂತೆ ನಾಟಿತು. ಕೈಯಲ್ಲಿ ಇದ್ದುದನ್ನು ಮಾತ್ರ ಕಿತ್ತುಕೊಳ್ಳಲು ಸಾಧ್ಯ. ಆ ಸೀಟು ಹುಡುಗ ಹುಟ್ಟುವ ಮೊದಲೇ ಅವನ ಕೈಯಲ್ಲಿತ್ತೆಂದು ಆ ಸಭ್ಯ ಮನುಷ್ಯ ಪ್ರಾಮಾಣಿಕವಾಗಿ ನಂಬಿದ್ದರು. ಕಂಬಳಿ ಚುಚ್ಚುತ್ತದೆ ಎಂದು ಕೆಳಗಿಟ್ಟು ಹೊರಟುಹೋದರು. ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಅದಕ್ಕೇ ಯಾದಗಿರಿ ಕಡೆಯ ಹಳ್ಳಿ ಕೊಂಕಲ್ಲಿನ ನಮ್ಮ ಮನೆಯ ಸಂಗತಿಯನ್ನು ಬರೆಯುತ್ತಿದ್ದೇನೆ. ಅಂಥ ಮನೆ ಕಳೆದುಕೊಂಡವರಿಗೆ ಹೆಚ್ಚು ವಿವರಿಸುವ ಅಗತ್ಯ ಬೀಳಲಾರದು.

ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ ಮನುಷ್ಯರಿಗಿಂತ ಕುರಿಗಳಿಗೆ ಹೆಚ್ಚು ಜಾಗವಿತ್ತು. ಕುರಿಹಟ್ಟಿಯಿಂದ ಬರುತ್ತಿದ್ದ ಬಿಸಿಯುಸಿರು ಚಳಿಗಾಲದಲ್ಲಿ ನಮ್ಮ ಹೊದಿಕೆಯೇ ಆಗಿತ್ತು. ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಓಣಿಯುದ್ದಕ್ಕೂ ಹಾಸು, ಎಂದರೆ ಕಂಬಳಿಯ ಉದ್ದನೂಲು, ಕಟ್ಟಿ, ಬೇರಿನ ಕುಂಚದಿಂದ ಗಂಜಿ ಸವರುವಾಗ ದಾರಿಹೋಕರೆಲ್ಲ ಬಗ್ಗಿ ನೂಲಿನಡಿಯಲ್ಲಿ ನುಸುಳಬೇಕಿತ್ತು. ಊರ ಗೌಡರೂ ಬಗ್ಗುತ್ತಿದ್ದರು. ಆಯಿಗೆ ಅದು ದಿನದ ಸಣ್ಣ ಸುಖ. ಅಜ್ಜ ಭೀಮಣ್ಣ, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ಸಂಜೆ ಕುರಿ ಹೊಡೆದುಕೊಂಡು ಬರುವಾಗ ಮೊದಲು ಧೂಳು, ಆಮೇಲೆ ಗಂಟೆಯ ಸದ್ದು, ಎಲ್ಲಕ್ಕಿಂತ ಕೊನೆಗೆ ಅವನು ಕಾಣುತ್ತಿದ್ದ. ನನಗೆ ನೆನಪು ಮೂಡುವ ಹೊತ್ತಿಗೆ ತಂದೆತಾಯಿ ಇರಲಿಲ್ಲ. ಮುತ್ಯಾ, ಆಯಿ, ನನಗಿಂತ ಸುಮಾರು ಹತ್ತು ವರ್ಷ ದೊಡ್ಡವನಾದ ಅಣ್ಣ ಮಾಳಪ್ಪ, ನಾನು: ಇಷ್ಟೇ ಮನೆ.

ಮುತ್ಯಾ ತನ್ನ ಜನವನ್ನು ಹಾಲುಮತದವರು ಎಂದು ಕರೆಯುತ್ತಿದ್ದ. ಹಾಲಿನಿಂದ ಹುಟ್ಟಿದವರು, ಹಾಲಿನಷ್ಟು ಶುದ್ಧರು ಎಂಬ ನಂಬಿಕೆಯ ಹೆಸರು ಅದು. ದೇವರ ಮುಂದೆ, ಬೀಗರ ಮುಂದೆ ಹೇಳಿಕೊಳ್ಳುವಂಥದ್ದು. ಕುರುಬ ಎಂಬುದು ಆ ಊರಿನಲ್ಲಿ, ಆ ಕಾಲದಲ್ಲಿ, ಬೇರೆಯವರು ನಮಗೆ ಇಟ್ಟ ಹೆಸರಾಗಿತ್ತು. ಅದಕ್ಕೆ ದಡ್ಡ ಎಂಬ ಅರ್ಥವನ್ನೂ ಅಂಟಿಸಿದ್ದರು. ಹೆಸರಿನಲ್ಲಿ ಕೀಳೇನೂ ಇಲ್ಲ, ಇಂದು ನಾವೇ ಅದನ್ನು ತಲೆಯೆತ್ತಿ ಬರೆದುಕೊಳ್ಳುತ್ತೇವೆ. ಕೀಳುತನ ಇದ್ದದ್ದು ಅದನ್ನು ಆಡುತ್ತಿದ್ದ ಬಾಯಿಗಳಲ್ಲಿ. ಅಣ್ಣನನ್ನು ಶಾಲೆಗೆ ಸೇರಿಸಿದ್ದು ನಿಜಾಮರ ಆಳ್ವಿಕೆಯಲ್ಲಿ, ಎಂದರೆ ಸಾವಿರದ ಒಂಬೈನೂರ ನಲವತ್ತೆಂಟರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮೊದಲು. ಇಷ್ಟನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ. ಉರ್ದು ಮಾಸ್ತರರು ಜಾತಿ ಕೇಳಿದಾಗ ಮುತ್ಯಾ ತನ್ನಲ್ಲಿದ್ದ ಅತ್ಯುತ್ತಮ ಹೆಸರನ್ನು ಕೊಟ್ಟ. ಮೊಮ್ಮಗನನ್ನು ಅಕ್ಷರದ ಮನೆಗೆ ಕಳಿಸುವಾಗ ಬಯ್ಗುಳವನ್ನು ಯಾರು ಜೊತೆಗೆ ಕಟ್ಟಿ ಕಳಿಸುತ್ತಾರೆ? ಮಾಸ್ತರರು ಹಾಲುಮತ ಎಂದೇ ಬರೆದುಕೊಂಡರು. ನಮ್ಮ ಮನೆ ಮಾಡಿದ ತಪ್ಪು ಅದೊಂದೇ.

ಅಣ್ಣ ಉರ್ದುವಿನ ಮೊದಲಕ್ಷರ ಅಲಿಫ್‌ನಿಂದ ಓದು ಸುರು ಮಾಡಿದ. ಉರ್ದುವಿನಲ್ಲಿ ಲೆಕ್ಕ ಕೈಗೆ ಹತ್ತುವ ಹೊತ್ತಿಗೆ ರಾಜ್ಯ ಭಾರತದಲ್ಲಿ ವಿಲೀನವಾಯಿತು. ಪಾಠ ಕನ್ನಡಕ್ಕೆ ತಿರುಗಿತು. ಬಲದಿಂದ ಎಡಕ್ಕೆ ಬರೆಯುತ್ತಿದ್ದ ಕೈ ಎಡದಿಂದ ಬಲಕ್ಕೆ ಬರೆಯಬೇಕಾಯಿತು. ಕನ್ನಡ ಕೂತಿತು ಎನ್ನುವಾಗ ಯಾದಗಿರಿಯಲ್ಲಿ ಮೆಟ್ರಿಕ್ ಮುಗಿದು ಕಾಲೇಜಿನ ಇಂಗ್ಲಿಷ್ ಎದುರಾಯಿತು. ಇಷ್ಟರಲ್ಲಿ ಐವತ್ತಾರರ ನವೆಂಬರ್ ಒಂದರಂದು ನಾವು ಮೈಸೂರು ರಾಜ್ಯದವರಾಗಿದ್ದೆವು. ಚರಿತ್ರೆಯ ಪುಸ್ತಕಗಳು ಇದನ್ನೆಲ್ಲ ಏಕೀಕರಣದ ಸಂಭ್ರಮ ಎನ್ನುತ್ತವೆ. ನಾನೂ ಹಾಗೆ ಬರೆದಿದ್ದೇನೆ. ಆದರೆ ಒಬ್ಬ ಹುಡುಗನ ಕಾಲಡಿಯಲ್ಲಿ ಮೂರು ಸಲ ನೆಲ ಬದಲಾಯಿಸಿ, ಕೊನೆಗೆ ಒಂದೇ ನೆಲದಲ್ಲಿ ಓಡಿ ಬೆಳೆದವನ ಪಕ್ಕ ನಿಲ್ಲಿಸಿ, ನೋಡು, ನೀನು ನಾಲ್ಕು ಹೆಜ್ಜೆ ಹಿಂದಿದ್ದೀಯ ಎಂದವರನ್ನು ಚರಿತ್ರೆ ಎಲ್ಲಿಯೂ ಪ್ರಶ್ನಿಸಿಲ್ಲ. ಅಣ್ಣನಿಗೆ ವಿಜ್ಞಾನದಲ್ಲಿ ಬಂದ ಅಂಕಗಳನ್ನು ಕಂಡು ಕಾಲೇಜಿನವರೇ ಬೆರಗಾದರಂತೆ. ಇಂಗ್ಲಿಷ್ ಅವನನ್ನು ಕೆಳಗೆಳೆಯಿತು. ಅವನಿಗೆ ಡಾಕ್ಟರಾಗುವ ಆಸೆ.

ಯಾದಗಿರಿಯ ವಕೀಲರೊಬ್ಬರು ಪ್ರತಿ ಚಳಿಗಾಲ ಆಯಿಯ ಕಂಬಳಿಗೆಂದು ನಮ್ಮ ಮನೆಗೆ ಬರುತ್ತಿದ್ದರು. ಕೆಟ್ಟವರಲ್ಲ. ಅಣ್ಣನಿಗೆ ಹಳೆಯ ಪುಸ್ತಕಗಳನ್ನು ಕೊಟ್ಟವರು. ಅವರ ಮಗನೂ ಅಣ್ಣ ಅರ್ಜಿ ಹಾಕಿದ ವರ್ಷವೇ ವೈದ್ಯಕೀಯಕ್ಕೆ ಅರ್ಜಿ ಹಾಕಿದ್ದ. ಹೊಸ ಸರ್ಕಾರ ಹಿಂದುಳಿದವರಿಗೆ ಸೀಟು ತೆಗೆದಿರಿಸಿದೆ ಎಂಬ ಸುದ್ದಿಯನ್ನು ನಮಗೆ ತಂದವರೂ ಅವರೇ, ಅದು ಅನ್ಯಾಯ ಎಂದವರೂ ಅವರೇ.

"ಮಾಳಪ್ಪ ಶ್ಯಾಣ್ಯಾ ಅದಾನ, ಇಲ್ಲ ಅನ್ನಂಗಿಲ್ಲ" ಎಂದರು ಕಟ್ಟೆಯ ಮೇಲೆ ಕೂತು. "ಆದ್ರ ಭೀಮಣ್ಣ, ದವಾಖಾನಿ ಅಂದ್ರ ಜೀವದ ಮಾತು. ನಾಳಿ ನಿನ್ನ ಹೊಟ್ಟಿ ಕೊಯ್ಯಾಂವ ಲಾಯಕ್ ಇರಬೇಕೋ ಬ್ಯಾಡೋ?"

ಆಯಿ ಕುಂಚ ನಿಲ್ಲಿಸಲಿಲ್ಲ. "ಯಾವ ಲಾಯಕ್ ಡಾಕ್ಟರ ಕೊಂಕಲ್ಲಿಗೆ ಬಂದಿದ್ದನ್ರೀ ವಕೀಲಸಾಹೇಬ್ರ? ನನ್ನ ಮಗ, ಸೊಸಿ ವಾಂತಿಭೇದಿ ಆಗಿ ಸಾಯೂಮುಂದ ನಾ ಬಾಗಲದಾಗ ನಿಂತು ಹಾದಿ ನೋಡೀನಿ. ಲಾಯಕ್ ಇದ್ದಾಂವ ಬರಲಿಲ್ಲ, ಇಲ್ಲದಾಂವನೂ ಬರಲಿಲ್ಲ."

ವಕೀಲರು ಮೀಸೆ ಸವರಿಕೊಂಡು, "ನಿನ್ನ ಕೂಡ ಮಾತಾಡಾಕ ನಾ ಇನ್ನೊಂದು ವಕೀಲಕಿ ಪಾಸ್ ಆಗಬೇಕು ಬಿಡವ್ವ" ಎಂದು ನಕ್ಕರು. ನಗೆ ನಿಜವಾದದ್ದೇ. ಅಭಿಪ್ರಾಯ ಮಾತ್ರ ಬದಲಾಗಲಿಲ್ಲ. ಅರವತ್ತು ವರ್ಷಗಳ ಮೇಲಾಯಿತು. ಮೇಳದಲ್ಲಿ, ವಿಚಾರಸಂಕಿರಣದಲ್ಲಿ, ಮದುವೆಯ ಪಂಕ್ತಿಯಲ್ಲಿ ನಾನು ಅದೇ ಹೊಟ್ಟೆ ಕೊಯ್ಯುವ ಪ್ರಶ್ನೆಯನ್ನು ಕೇಳುತ್ತಲೇ ಇದ್ದೇನೆ. ಆಯಿಯ ಉತ್ತರವನ್ನು ಒಬ್ಬರೂ ಕೇಳಿಸಿಕೊಂಡಿಲ್ಲ.

ಸರ್ಕಾರದ ಹಿಂದುಳಿದವರ ಪಟ್ಟಿಯಲ್ಲಿ ಕುರುಬ ಇತ್ತು, ಹಾಲುಮತ ಇರಲಿಲ್ಲ. ತಹಸೀಲಿನ ಗುಮಾಸ್ತ ಅಣ್ಣನ ಶಾಲೆಯ ದಾಖಲೆ ನೋಡಿ, ಇದು ಮತದ ಹೆಸರಾಯಿತು, ಜಾತಿ ಎಲ್ಲಿ ಎಂದನಂತೆ. ಸರಿಪಡಿಸಲು ಒಂದೇ ದಾರಿ: ಗಿರ್ದಾವರ, ಎಂದರೆ ಕಂದಾಯದ ತಪಾಸಣೆಗಾರ, ಊರಿಗೆ ಬಂದು ಮನೆಯ ಹಿರಿಯನ ಬಾಯಿಂದಲೇ ನಾಲ್ಕು ಜನರ ಎದುರು ಹೇಳಿಕೆ ಪಡೆಯಬೇಕು. ನನ್ನ ನೆನಪಿನಲ್ಲಿ ಅದು ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ. ಆ ಕಾಲದ ಕಾಲೇಜು ಪ್ರವೇಶಗಳ ಅವಧಿಗೆ ಹೋಲಿಸಿ ನೋಡಿದರೆ ತಾಳೆಯಾಗುತ್ತದೆ. ವರ್ಷ ಐವತ್ತೊಂಬತ್ತು ಎಂದು ನನ್ನ ಊಹೆ, ಆಧಾರ ಸಿಗದೆ ಅದನ್ನು ಖಚಿತ ಎನ್ನಲಾರೆ. ಗಿರ್ದಾವರ ಬಂದ, ಗೌಡರ ಮನೆಯ ಕುರ್ಚಿಯಲ್ಲಿ ನಮ್ಮ ಬಾಗಿಲ ಮುಂದೆಯೇ ಕೂತ. ಊರು ಸೇರಿತು. ಮೊದಲು ಮನೆಯೊಳಗೆ ಇಣುಕಿ ಕುರಿ ಎಷ್ಟು, ಮಗ್ಗ ಯಾರದು ಎಂದು ಕೇಳಿದ. ಅಣ್ಣನ ಕಣ್ಣಿಗೆ ಕನ್ನಡಕವಿದ್ದುದನ್ನು ನೋಡಿ, "ಹಿಂದುಳಿದವ್ರಿಗೆ ಚಾಳೀಸೂ ಬಂತೇನು?" ಎಂದ. ಜನ ನಕ್ಕರು. ಆಮೇಲೆ ಮುತ್ಯಾನ ಕಡೆ ತಿರುಗಿದ.

"ಯಾವ ಜಾತಿ?"

"ಹಾಲುಮತ್ರಿ."

"ಅದು ಪಟ್ಟಿಯೊಳಗ ಇಲ್ಲ. ಮಂದಿ ನಿನಗ ಏನಂತ ಕರೀತಾರ?"

"ಭೀಮಣ್ಣ ಅಂತ ಕರೀತಾರ್ರಿ."

ಮತ್ತೆ ನಗು. ಈ ಸಲ ನಗು ಮುತ್ಯಾನ ಕಡೆ ಇತ್ತು. ಗಿರ್ದಾವರನಿಗೆ ಅದು ಹಿಡಿಸಲಿಲ್ಲ. "ಹಂಗಲ್ಲೋ. ಸಿಟ್ಟಿಗೆದ್ದು ಬೈಯೂಮುಂದ ಏನಂತಾರ?"

ಒಂದು ಸರ್ಕಾರ ಒಬ್ಬ ಮುದುಕನಿಗೆ ಕೇಳಿದ ಆ ಪ್ರಶ್ನೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಶತಮಾನಗಳ ಕಾಲ ಹಿಂದೆ ತಳ್ಳಿದವರ ಬಾಯಿಂದ ಒಂದು ಸಾಕ್ಷಿಯನ್ನೂ ಪಡೆಯದ ರಾಜ್ಯ, ತಳ್ಳಿಸಿಕೊಂಡವನ ಬಾಯಿಂದಲೇ ಬಯ್ಗುಳವನ್ನು ಹೊರಡಿಸಿ ಅದಕ್ಕೆ ಮೊಹರು ಒತ್ತಲು ಹೊರಟಿತ್ತು. ಮುತ್ಯಾ ಅಣ್ಣನನ್ನು ನೋಡಿದ. ಅಣ್ಣ ನೆಲ ನೋಡುತ್ತಿದ್ದ.

"ಕುರುಬ ಅಂತಾರ್ರಿ."

"ಹಾಂ. ನಾವು ಹಿಂದುಳಿದ ಕುರುಬರು ಅಂತ ಪೂರಾ ಹೇಳು."

"ಹಿಂದುಳಿದವ್ರು ಅಂದ್ರ ಯಾರ ಹಿಂದ್ರಿ?" ಎಂದ ಮುತ್ಯಾ. ಅದು ವ್ಯಂಗ್ಯವಲ್ಲ, ಅವನಿಗೆ ನಿಜವಾಗಿ ತಿಳಿಯಬೇಕಿತ್ತು. "ಕುರಿ ಮುಂದ ಹೋಗತಾವ, ನಾ ಹಿಂದ ಇರತೀನಿ. ಕಾಯಾಂವ ಹಿಂದ ಇರಬೇಕಲ್ರಿ."

"ವ್ಯಾಳ್ಯಾ ಹಾಳು ಮಾಡಬ್ಯಾಡ. ಮಮ್ಮಗಗ ಸೀಟು ಬೇಕೋ ಬ್ಯಾಡೋ?"

ಮುತ್ಯಾ ಪೂರ್ತಿ ಹೇಳಿದ. ಗಟ್ಟಿಯಾಗಿ ಹೇಳಿದ, ಓಣಿಯ ಕೊನೆಗೂ ಕೇಳುವಂತೆ. ಹೆಬ್ಬೆಟ್ಟು ಒತ್ತಿದ. ಗೌಡರು ಎದ್ದು ಹೋಗುವಾಗ ಮಾತೊಂದನ್ನು ಬಿಟ್ಟರು: "ಇಷ್ಟ ದಿನಾ ಹಾಲು ಹಾಲು ಅಂತಿದ್ದಿ ಭೀಮ್ಯಾ, ಇವತ್ತ ಮಜ್ಜಗಿ ಆತ ನೋಡು!" ಭೀಮಣ್ಣ ಆವರೆಗೆ ಅವರ ಬಾಯಲ್ಲೂ ಭೀಮಣ್ಣನೇ ಆಗಿದ್ದ. ಅಂದಿನಿಂದ ಊರಿನ ಹುಡುಗರೂ ಹಟ್ಟಿಯ ಮುಂದೆ ಹಾಯುವಾಗ ಮಜ್ಜಿಗೆ ಎಂದು ಕೂಗಿ ಓಡತೊಡಗಿದರು.

ಅಣ್ಣನ ಹೆಸರು ಆಯ್ಕೆಯ ಪಟ್ಟಿಯಲ್ಲಿ ಬಂತು. ಆಯಿ ಅವನಿಗೆಂದು ಅತಿ ನುಣುಪಾದ ಉಣ್ಣೆಯನ್ನು ಆರಿಸಿ, ಚುಚ್ಚದ ಕಂಬಳಿಯೊಂದನ್ನು ನೇಯಲು ಕೂತಳು. ಹಾಸ್ಟೆಲಿನಲ್ಲಿ ಯಾರೂ ನಗಬಾರದಲ್ಲ. ಅದು ಮುಗಿಯುವ ಮೊದಲೇ ವಕೀಲರು ಬಂದರು, ಚಳಿಗಾಲವಲ್ಲದಿದ್ದರೂ. ನ್ಯಾಯಾಲಯ ಹಿಂದುಳಿದವರ ಪಟ್ಟಿಯ ಸರ್ಕಾರಿ ಆದೇಶವನ್ನೇ ರದ್ದುಮಾಡಿತ್ತು. ಆ ವರ್ಷಗಳಲ್ಲಿ ಇಂಥ ಆದೇಶಗಳು ಹೊರಡುವುದು, ಬೀಳುವುದು, ಮತ್ತೊಂದು ಹೊರಡುವುದು ನಡೆದೇ ಇತ್ತು; ಆ ತೀರ್ಪುಗಳನ್ನು ಮುಂದೆ ನಾನು ಒಂದೊಂದಾಗಿ ಓದಿದ್ದೇನೆ. ಹೊಸದಾಗಿ ಅಂಕಗಳ ಮೇಲೆಯೇ ಆಯ್ಕೆ ನಡೆದಾಗ ಅಣ್ಣನ ಹೆಸರು ಹೋಗಿತ್ತು, ವಕೀಲರ ಮಗನ ಹೆಸರು ಬಂದಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ.

"ನ್ಯಾಯ ಆತು ಅನ್ನಂಗಿಲ್ಲ ಭೀಮಣ್ಣ" ಎಂದರು. "ಕಾನೂನು ಆತು."

ಮುತ್ಯಾ ಹಟ್ಟಿಯ ಕಡೆ ನೋಡುತ್ತಲೇ ಕೇಳಿದ: "ಪಟ್ಟಿ ರದ್ದ ಆತು ಅಂದ್ರಿ. ನಾ ಅವತ್ತ ಆಡಿದ ಮಾತು?"

"ಯಾವ ಮಾತು?"

"ಗಿರ್ದಾವರನ ಮುಂದ ಆಡಿದ್ದು. ಅದೂ ರದ್ದ ಆತೇನ್ರಿ? ಹಂಗಂತ ಊರಾಗ ಡಂಗುರ ಸಾರತಾರೇನು?"

ವಕೀಲರು ಎದ್ದರು, ನೂಲಿನಡಿಯಲ್ಲಿ ಬಗ್ಗಿ ಹೋದರು.

ಅಣ್ಣ ಸುರಪುರದ ದವಾಖಾನೆಯಲ್ಲಿ ಕಂಪೌಂಡರನಾದ. ಬದುಕಿಡೀ ಬೇರೆಯವರು ಬರೆದ ಚೀಟಿಯಂತೆ ಔಷಧ ಕಲಸಿಕೊಟ್ಟ. ಕೆಂಭಾವಿಯ ಸಂತೆಗೆ ಹೋದರೆ ಹಳ್ಳಿಯ ಹೆಂಗಸರು ಅವನನ್ನು ಡಾಕ್ಟರಪ್ಪ ಎಂದು ಕರೆದು ನಾಲಿಗೆ ಚಾಚುತ್ತಿದ್ದರು. ಅವನು ಪ್ರತಿ ಸಲವೂ, ನಾನು ಡಾಕ್ಟರ ಅಲ್ಲವ್ವಾ ಎಂದು ತಿದ್ದುತ್ತಿದ್ದ. ತೀರಿಕೊಳ್ಳುವವರೆಗೂ ಆ ತಿದ್ದುಪಡಿಯನ್ನು ಅವನು ಬಿಡಲಿಲ್ಲ. ಪಟ್ಟಿ ಬೇರೆ ರೂಪದಲ್ಲಿ ಮರಳಿ ಬಂದಾಗ ಓದಿದವಳು ನಾನು. ಮುತ್ಯಾ ಓಣಿಯಲ್ಲಿ ನಿಂತು ಗಳಿಸಿಕೊಟ್ಟ ಆ ಒಂದು ಪದದ ಮೇಲೆಯೇ ನನಗೆ ಕಾಲೇಜು ಸಿಕ್ಕಿತು, ವಿದ್ಯಾರ್ಥಿವೇತನ ಸಿಕ್ಕಿತು. ಅದನ್ನು ನನ್ನ ಬೆನ್ನ ಹಿಂದೆ ಖೈರಾತು, ಭಿಕ್ಷೆ ಎಂದವರಿದ್ದಾರೆ. ಎದುರಿಗೇ ಎಂದವರೂ ಇದ್ದಾರೆ. ಭಿಕ್ಷೆ ಬೇಡುವವನಿಗಾದರೂ ತನ್ನ ಹೆಸರನ್ನು ಒತ್ತೆಯಿಡುವ ಅಗತ್ಯವಿಲ್ಲ. ನಾವು ಬೆಲೆ ಕೊಟ್ಟಿದ್ದೇವೆ, ಮುಂಗಡವಾಗಿ, ಊರ ಮುಂದೆ. ಸಿಗದ ಸೀಟಿಗೂ ಕೊಟ್ಟಿದ್ದೇವೆ. ಇಂದು ಆ ಓಣಿಯಲ್ಲಿ ಹಾಸು ಕಟ್ಟುವವರಿಲ್ಲ, ಯಾರೂ ಬಗ್ಗಬೇಕಾಗಿಲ್ಲ; ಮನೆಯಿದ್ದ ಜಾಗದಲ್ಲಿ ಯಾರದೋ ಹತ್ತಿಕಟ್ಟಿಗೆ ಒಟ್ಟಿದೆ.

ಅರವತ್ತೊಂದರಲ್ಲಿ ಜನಗಣತಿ ನಡೆಯಿತು. ಈ ವರ್ಷದ ಬಗ್ಗೆ ಅನುಮಾನವಿಲ್ಲ. ಸರ್ಕಾರ ಮನೆಮನೆಗೆ ಬಂದು ಪ್ರತಿಯೊಬ್ಬರ ವಿವರ ಬರೆದುಕೊಳ್ಳುತ್ತದೆ ಎಂದು ಕೇಳಿ ಮುತ್ಯಾ ಅಂದು ಕುರಿಗಳನ್ನು ಬೇರೆಯವರ ಜೊತೆ ಕಳಿಸಿದ. ಮುಖ ತೊಳೆದು, ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಂಡು, ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಕೂತ. ಮಧ್ಯಾಹ್ನ ಗಣತಿಯ ಮಾಸ್ತರರು ಬಂದು ಹೆಸರು ಕೇಳಿದರು, ವಯಸ್ಸು ಕೇಳಿದರು, ಓದು ಬರುತ್ತದೆಯೇ, ಕೆಲಸವೇನು ಎಂದರು. ಪರಿಶಿಷ್ಟ ಜಾತಿಯೋ ಪಂಗಡವೋ ಎಂದರು. ಎರಡೂ ಅಲ್ಲ ಎಂದ ಮುತ್ಯಾ, ಮುಂದಿನ ಪ್ರಶ್ನೆಗಾಗಿ ಬೆನ್ನು ನೆಟ್ಟಗೆ ಮಾಡಿದ. ಮಾಸ್ತರರು ಎದ್ದರು.

"ಮಾಸ್ತರ, ಯಾವ ಮಂದಿ ಅಂತ ಕೇಳಲಿಲ್ಲಲ್ಲ?"

"ಉಳಿದವ್ರಿಗೆ ಅದು ಕೇಳಂಗಿಲ್ಲ ಹಿರ್ಯಾ. ಈ ಸಲ ಸರ್ಕಾರಕ್ಕ ಬೇಕಾಗಿಲ್ಲ."

"ಬರೀಬ್ಯಾಡ್ರಿ. ಸುಮ್ನ ಒಂದ್ಸಲ ಕೇಳ್ರಿ."

ಅವರು ಅದನ್ನು ಮುದುಕನ ತಮಾಷೆ ಎಂದುಕೊಂಡು ನಗುತ್ತ ಹೊರಟರು. ಪಕ್ಕದ ಮನೆಯ ಬಾಗಿಲನ್ನು ಅವರು ತಟ್ಟುತ್ತಿದ್ದಾಗ ಮುತ್ಯಾ, ಯಾರೂ ಕೇಳದಿದ್ದರೂ, ಖಾಲಿ ಓಣಿಗೆ ತನ್ನ ಮೊದಲಿನ ಉತ್ತರವನ್ನೇ ಹೇಳಿದ.