ಪೂಜೆಗೆ ಮೊದಲಿನ ತುತ್ತು

ಮಗಳು ಮುಕ್ತಾ ಉಂಡಳೋ ಇಲ್ಲವೋ ಎಂಬ ಚಿಂತೆ ನೀಲಾಂಬಿಕೆಯ ಬೆನ್ನು ಬಿಟ್ಟಿರಲಿಲ್ಲ. ಮೈಸೂರಿನಲ್ಲಿ ಓದಿ ಶಿರಾಳಕೊಪ್ಪದ ಜವಳಿ ವ್ಯಾಪಾರಿಯ ಮನೆಗೆ ಸೊಸೆಯಾಗಿ ಬಂದ ಅವಳೇ ಹಟ ಹಿಡಿದು, ಹದಿಮೂರರ ಹುಡುಗಿಯನ್ನು ವಿಲಾಯತಿಗೆ ಹೊರಡಿಸಿದ್ದಳು. ಶಾಲಾಮಕ್ಕಳ ತಂಡ ಈಗ ಬೊಂಬಾಯಿಯಲ್ಲಿ ಹಡಗಿಗೆ ಕಾಯುತ್ತಿತ್ತು. ಮುಕ್ತಾ ಎರಡು ತಿಂಗಳು ಇಂಗ್ಲಿಷರ ಮನೆಯೊಂದರಲ್ಲಿದ್ದು ಅವರ ಮಾತು ಕಲಿಯಬೇಕು. ಬರುವ ವರ್ಷ ಆ ಮನೆಯ ಹುಡುಗಿ ಇಲ್ಲಿಗೆ ಬಂದು ಕನ್ನಡ ಕಲಿಯಬೇಕು.

ಆದರೆ ಕೊರಳಿನ ಲಿಂಗಕ್ಕೆ ಪೂಜೆ ಮಾಡದೆ ಮುಕ್ತಾ ತುತ್ತು ಎತ್ತುವವಳಲ್ಲ. ಬಾಯಿಬಿಟ್ಟು ಕೇಳುವುದಕ್ಕೂ ನಾಚಿಕೆ. ಶಾಲೆಯಿಂದ ಜೋಗಕ್ಕೆ ಹೋದಾಗ, ಪೂಜೆಗೆ ಜಾಗ ಕೇಳಲಾರದೆ ದಿನವಿಡೀ ಉಪವಾಸವಿದ್ದು ಬಂದಿದ್ದಳು.

ಆ ನೇಮ ಕಲಿಸಿದವರು ಅತ್ತೆ ರಾಜೇಶ್ವರಮ್ಮ. ಅಂಜುತ್ತಂಜುತ್ತ ನೀಲಾಂಬಿಕೆ ತನ್ನ ಚಿಂತೆಯನ್ನು ಅವರಿಗೇ ಹೇಳಿದಳು.

"ವಿಲಾಯ್ತಿಗೆ ಕಳ್ಸಾಕೆ ಧೈರ್ಯ ಇತ್ತು, ನನ್ ಮುಂದೆ ಬಾಯಿ ಬಿಡಾಕೆ ಇಲ್ಲೇನೆ?" ಅತ್ತೆ ನಕ್ಕರು. "ಎದೆ ಮೇಲಿರೋ ಶಿವನಿಗೆ ಕೂಸಿನ ಹಸಿವು ಗೊತ್ತಾಗಲ್ವಾ? ಮೊದ್ಲು ಉಣ್ಣು ಅಂತ ಹೇಳು. ನಡಿ ಟಪಾಲು ಆಫೀಸಿಗೆ, ನಾನೂ ಬರ್ತೀನಿ."

ತಂಡ ತಂಗಿದ್ದ ಬೊಂಬಾಯಿಯ ವಸತಿಗೆ ಟ್ರಂಕ್ ಕಾಲ್ ಸಿಕ್ಕಾಗ ನೀಲಾಂಬಿಕೆ ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

"ಮುಕ್ತಾ, ಉಂಡೇನೇ ಮಗಾ? ಪೂಜೆಗೆ ಅನುಕೂಲ ಆಗ್ದಿದ್ರೆ ಮೊದ್ಲು ಉಣ್ಣು. ನನ್ ಮಾತಲ್ಲ ಕಣೇ, ಅಜ್ಜಿದು. ತಡಿ, ಅವರಿಗೇ ಕೊಡ್ತೀನಿ."