ತುಟಿಯಲ್ಲಿ ಮಾತ್ರ ಹಾಡಿದವಳು

ನನ್ನ ಓರಗಿತ್ತಿಯನ್ನು ಮಿಲ್ಲಿನಲ್ಲಿ ಎಲ್ಲರೂ ತುತ್ತೂರಿ ಎಂದೇ ಕರೆಯುತ್ತಿದ್ದರು. ಅವಳ ಮಗ್ಗ ನನ್ನ ಮಗ್ಗದ ಪಕ್ಕದಲ್ಲೇ ಇತ್ತು. ಮಗ್ಗಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಹತ್ತಿರ ನಿಂತವರು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಅದಕ್ಕೇ ನಾವು ಹೆಂಗಸರು ತುಟಿಯಲ್ಲಿ ಮಾತಾಡುತ್ತಿದ್ದೆವು. ಸದ್ದಿಲ್ಲದೆ ಬಾಯಿಯನ್ನು ಅಗಲವಾಗಿ ಆಡಿಸಿದರೆ ಸಾಕು, ಆ ತುದಿಯ ಮಗ್ಗದವಳಿಗೂ ತಿಳಿಯುತ್ತಿತ್ತು. ಮೇಸ್ತ್ರಿಗೆ ಹೆಂಡತಿ ಬೈದ ಸುದ್ದಿ ಅವನ ಎದುರಿಗೇ ಈ ಗೋಡೆಯಿಂದ ಆ ಗೋಡೆಗೆ ಹೋಗಿಬಿಡುತ್ತಿತ್ತು. ಪಾಪ, ನಮ್ಮ ನಗು ನೋಡಿ ಅವನೂ ನಗುತ್ತಿದ್ದ.

ಕಿವಿ ಉಳಿಸಿಕೊಳ್ಳಲು ನಾವೆಲ್ಲ ಅರಳೆ ತುರುಕಿಕೊಳ್ಳುತ್ತಿದ್ದೆವು. ಅವಳೊಬ್ಬಳು ಒಲ್ಲೆನೆಂದಳು.

“ಯಾಕೇ, ಕಿವಿ ಬೇಡವಾ ನಿನಗೆ?” ಎಂದು ಊಟದ ಹೊತ್ತಿನಲ್ಲಿ ಗದರಿದೆ.

“ಅರಳೆ ಇಟ್ಕೊಂಡ್ರೆ ಹಾಡು ತಲೆಯೊಳಗೇ ಸುತ್ತುತ್ತೆ ಅಕ್ಕ. ಹೊರಗೆ ಹೋಗ್ತಾ ಇದೆಯೋ ಇಲ್ವೋ ಗೊತ್ತಾಗಲ್ಲ. ದೇವರಿಗೆ ಮುಟ್ಟಬೇಕಲ್ಲ?”

ಮಗ್ಗದ ಮುಂದೆ ಅವಳು ದಿನವಿಡೀ ಕೀರ್ತನೆ ಹಾಡುತ್ತಿದ್ದಳು. ಓದುಬರಹ ನಮಗಿಬ್ಬರಿಗೂ ಅಷ್ಟಕ್ಕಷ್ಟೆ. ಎಲ್ಲವನ್ನೂ ಕೇಳಿ ಕೇಳಿಯೇ ಕಲಿತದ್ದು. ಬಾಯಿಬಿಟ್ಟು ಪ್ರಾರ್ಥನೆ ಮಾಡು ಎಂದರೆ ಮಾತ್ರ ಅವಳ ನಾಲಿಗೆ ಏಳುತ್ತಿರಲಿಲ್ಲ. ಹಳೆಯ ಪಾದ್ರಿ ಒಮ್ಮೆ ಸಭೆಯಲ್ಲಿ ಎಬ್ಬಿಸಿದಾಗ, “ಅಯ್ಯಾ, ನನಗೆ ಬೇಡ್ಕೊಳ್ಳೋಕೆ ಬರಲ್ಲ. ಹಾಡ್ತೀನಿ. ಅದರೊಳಗೆ ಏನಿದೆ ಅಂತ ಅವನೇ ಹುಡುಕಿಕೊಳ್ಳಲಿ” ಎಂದಿದ್ದಳು. ಅವಳ ಗಂಡನನ್ನು, ನನ್ನ ಮೈದುನನನ್ನು, ಮಣ್ಣು ಮಾಡಿದ ದಿನವೂ ಅವಳು ಅಳಲಿಲ್ಲ. ಮಗಳನ್ನು ಸೊಂಟದ ಮೇಲಿಟ್ಟುಕೊಂಡು, ಗುಂಡಿಯ ಪಕ್ಕ ನಿಂತು, ಕೊನೆಯ ಚರಣದವರೆಗೂ ಹಾಡಿದಳು. ಸನಿಕೆ ಹಿಡಿದವರು ಕೈ ತಡೆದು ನಿಂತರು.

ಆ ಮಗಳಿಗೆ ಸಂಗೀತ ಕಲಿಸಿದ್ದು ಅದೇ ಮಗ್ಗದ ದುಡಿಮೆ. ಅಷ್ಟರಲ್ಲಿ ತಾಯಿಯ ಕಿವಿ ಪೂರ್ತಿ ಹೋಗಿತ್ತು. ಮನೆಯಲ್ಲಿ ಇಬ್ಬರದೂ ತುಟಿಯ ಮಾತೇ. ಹುಡುಗಿ ಬೀದಿಯ ಆ ಕಡೆಯಿಂದ ‘ಹಸಿವು’ ಎಂದು ಬಾಯಿ ಆಡಿಸಿದರೆ ಇವಳು ಕಿಟಕಿಯಿಂದಲೇ ‘ಬಾ, ಬಡಿಸಿದೀನಿ’ ಎನ್ನುವಳು. ಜಗಳವೂ ಹಾಗೆಯೇ. ಎಷ್ಟು ಶಾಂತವಾದ ಸಂಸಾರ ಎಂದು ನೆರೆಯವರು ಅಂದುಕೊಂಡಿದ್ದರು.

ಮಗಳು ಬೆಳೆದು ಚರ್ಚಿನ ಗಾಯನ ತಂಡವನ್ನು ನಡೆಸುವವಳಾದಳು. ತುತ್ತೂರಿಯನ್ನು ಹಿಡಿಯುವವರೇ ಇಲ್ಲ. ಮುಂದಿನ ಬೆಂಚೇ ಬೇಕೆಂದು ನನ್ನನ್ನೂ ಎಳೆದೊಯ್ಯುವಳು. ಮಗಳ ತುಟಿ ನೋಡಿಕೊಂಡು ಹಾಡುವುದರಿಂದ ಒಂದು ಪದ ಹಿಂದೆ ಬೀಳುವಳು. ತನ್ನ ದನಿ ತನಗೇ ಕೇಳಿಸದೆ, ಇನ್ನೂ ಮಗ್ಗಗಳು ಓಡುತ್ತಿವೆಯೇನೋ ಎಂಬಂತೆ ಅದನ್ನು ಏರಿಸುವಳು. ಹಿಂದಿನ ಬೆಂಚಿನ ಹುಡುಗಿಯರ ಕಿಸಕ್ಕೆಂಬ ನಗು ಅವಳಿಗೆ ಕೇಳಿಸುತ್ತಿರಲಿಲ್ಲ. ನನಗೆ ಕೇಳಿಸುತ್ತಿತ್ತು.

“ಅಮ್ಮನಿಗೆ ನೀನಾದ್ರೂ ಹೇಳು ದೊಡ್ಡಮ್ಮ, ಮೆಲ್ಲಗೆ ಹಾಡ್ಲಿ,” ಎಂದಳು ಮಗಳು.

ಹೇಳಿದೆ. “ಮೆಲ್ಲಗೇ ಹಾಡ್ತಾ ಇದೀನಲ್ಲ!” ಎಂದು ತುತ್ತೂರಿ ಕೂಗಿದ ರಭಸಕ್ಕೆ ಮಾಡಿನ ಪಾರಿವಾಳಗಳು ಹಾರಿಹೋದವು.

ಬಿಷಪ್ಪರು ಬಂದ ಭಾನುವಾರ ತಂಡದವರು ಹಳೆಯ ಕೀರ್ತನೆಯೊಂದನ್ನು ಹೊಸದಾಗಿ ಜೋಡಿಸಿ ಹಾಡಿದರು. ಎರಡನೆಯ ಚರಣ ಬಂದಾಗ ಎಲ್ಲರೂ ದನಿ ಇಳಿಸಿದರು. ಇವಳು ಏರಿಸಿದಳು. ಬಿಷಪ್ಪರು ತಿರುಗಿ ನೋಡಿದರು. ಹೊಸ ಪಾದ್ರಿಯ ಹೆಂಡತಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಳು. ಆಗ ಮಗಳು ಒಂದು ಸಾಲು ಬಿಟ್ಟು, ತಾಯಿಯ ಕಡೆ ನೆಟ್ಟಗೆ ನೋಡಿ, ಮಿಲ್ಲಿನವರ ಹಾಗೆ ಬಾಯಿಯನ್ನು ಅಗಲವಾಗಿ ಆಡಿಸಿದಳು: ‘ಬಾಯ್ಮುಚ್ಚಮ್ಮ. ಮಾನ ಕಳೀಬೇಡ.’

ತುಂಬಿದ ಸಭೆಯಲ್ಲಿ ಅದನ್ನು ಓದಿದವರು ನಾವಿಬ್ಬರೇ. ತುತ್ತೂರಿಯ ಹಾಡು ಅರ್ಧ ಪದದಲ್ಲಿ ನಿಂತಿತು.

ಆಮೇಲೆ ಬಾಗಿಲ ಬಳಿ ಬಿಷಪ್ಪರು ಮಗಳನ್ನು, “ಎಷ್ಟು ಚೆನ್ನಾಗಿ ಹಾಡ್ತೀಯಮ್ಮ, ಯಾರಿಂದ ಕಲಿತೆ?” ಎಂದು ಕೇಳಿದರು.

“ಸಂಗೀತ ಶಾಲೆಯಲ್ಲಿ,” ಎಂದಳು ಮಗಳು. ಅದನ್ನೂ ತಾಯಿ ಓದಿಕೊಂಡಳು.

ಮನೆಯಲ್ಲಿ ತುತ್ತೂರಿ ತಟ್ಟೆ ಮುಟ್ಟಲಿಲ್ಲ. ಮಗಳು ತಾಯಿಯ ಎದುರು ಕೂತು, ನನಗೂ ಕೇಳಲೆಂದು ದನಿ ತೆಗೆದೇ ಹೇಳಿದಳು: “ಅಷ್ಟಕ್ಕೆ ಊಟ ಬಿಡ್ಬೇಕಾ? ನಾನೇನು ಹಾಡಲೇಬೇಡ ಅಂದ್ನಾ? ತುಟಿ ಆಡಿಸು, ಸಾಕು. ದೇವರಿಗೆ ಅಷ್ಟೂ ತಿಳಿಯಲ್ವಾ?”

“ಅವನೇನು ನಮ್ಮ ಮಿಲ್ಲಲ್ಲಿ ಕೆಲಸಕ್ಕಿದ್ನಾ, ತುಟಿ ಓದೋಕೆ?” ಎಂದಳು ತಾಯಿ. ನನಗೆ ನಗು ಬಂತು. ಅವಳ ಮುಖ ನೋಡಿದ ಮೇಲೆ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದೆ.

ಮುಂದಿನ ಭಾನುವಾರವೂ ಅದೇ ಬೆಂಚು. ಅವಳ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಸದ್ಯ ಎಂದುಕೊಂಡು ತಿರುಗಿ ನೋಡಿದೆ. ಅವಳು ಕೀರ್ತನೆ ಹಾಡುತ್ತಿರಲಿಲ್ಲ. ಚರಣ ಮುಗಿದಾಗಲೆಲ್ಲ ಮಗಳ ಮುಖಕ್ಕೆ ನೇರವಾಗಿ ಕೇಳುತ್ತಿದ್ದಳು: ‘ಸಾಕಾ? ಈಗ ಸರಿಹೋಯ್ತಾ? ಮಾನ ಉಳೀತಾ?’ ಮಗಳ ದನಿ ನಡುಗಿತು. ಅದರ ಮುಂದಿನ ವಾರವೂ ಹಾಗೆಯೇ, ಆಮೇಲೂ.

“ಅಲ್ವೇ, ಇದೆಂಥ ಪ್ರಾರ್ಥನೆ?” ಎಂದು ದಾರಿಯಲ್ಲಿ ತಡೆದು ಕೇಳಿದೆ.

“ಅವನಿಗೆ ಹೇಳೋದೆಲ್ಲ ಹಾಡಿನಲ್ಲಿತ್ತು ಅಕ್ಕ. ಅದು ಹೋಯ್ತು. ಇವಳಿಗೆ ಹೇಳೋದಷ್ಟೇ ಉಳಿದಿರೋದು.”

ಈಗ ಮಗಳು ಕಣ್ಣು ಮುಚ್ಚಿಕೊಂಡೇ ಹಾಡುತ್ತಾಳೆ. ಎಂಥ ಭಕ್ತಿ ಎಂದು ಜನ ಮೆಚ್ಚುತ್ತಾರೆ. ಕಳೆದ ವಾರ ಹಾಡು ಮುಗಿದ ಕೂಡಲೇ ಪಾದ್ರಿ, “ನೋಡಿ, ಹಾಡೋದು ಅಂದ್ರೆ ಹೀಗೆ. ಇದೇ ನಿಜವಾದ ಪ್ರಾರ್ಥನೆ” ಎಂದರು. ಮೈಕು ಅವರ ಬಾಯಿಗೆ ಅಡ್ಡವಾಗಿತ್ತು. ತುತ್ತೂರಿ ನನ್ನ ಮೊಣಕೈ ತಿವಿದು ಏನಂತೆ ಎಂದಳು.

‘ನಿನ್ನ ಮಗಳನ್ನ ಹೊಗಳಿದ್ರು’ ಎಂದು ತುಟಿ ಆಡಿಸಿದೆ.

ಅವಳು ಮಗಳ ಕಡೆ ತಿರುಗಿ ಮತ್ತೆ ಸದ್ದಿಲ್ಲದೆ ಬಾಯಿ ತೆರೆದಳು. ಮಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ.