ದಾರಿ ಹೇಳುವ ಡಬ್ಬಿಗೆ ಹೊಸ ಸ್ಕ್ರೀನ್

ಹಿಂದಿನ ಜಗುಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಶುಕ್ರವಾರದ ಪೂಜೆಗೆಂದು ಕಾರಿನ ಹತ್ತಿರ ಹೋಗಿದ್ದ ನಮ್ಮ ಮನೆಯವರು ಬಂದು, ಕಾಯಿ ಸರಿಯಾಗಿ ಎರಡು ಹೋಳಾಯಿತು, ಒಳ್ಳೆಯ ಶಕುನ ಎಂದರು. ಪಂಚೆಗೆ ಕೈ ಒರೆಸಿಕೊಳ್ಳುತ್ತ, ಒಂದು ಹೋಳು ಕಿಟಕಿಯೊಳಗೆ ಹಾರಿ ದಾರಿ ಹೇಳುವ ಜಿಪಿಎಸ್ ಡಬ್ಬಿಯ ಸ್ಕ್ರೀನ್ ಒಡೆಯಿತು ಎಂದೂ ಸೇರಿಸಿದರು. ಕಾರಿನ ಗಾಜಿಗೆ ಏನೂ ಆಗಿರಲಿಲ್ಲ. ಅದು ದೇವರ ದಯೆ.

ಇವರು ಕಾರು ಕಲಿತದ್ದು ನಿವೃತ್ತಿಯಾದ ಮೇಲೆ. ಕಣ್ಣು ರಸ್ತೆಯ ಮೇಲೆ, ಕಿವಿ ಆ ಡಬ್ಬಿಯ ಮೇಲೆ. ಅದು ಇಂಗ್ಲಿಷಿನಲ್ಲಿ ಎಡ ಬಲ ಹೇಳದೆ ಶೃಂಗೇರಿಯಿಂದ ಕೊಪ್ಪಕ್ಕೂ ಹೊರಡುವವರಲ್ಲ. ನಾನು ದಾರಿ ಹೇಳಿದರೆ ಕೇಳುವುದಿಲ್ಲ. ಅದು ತಿರುವು ಬರುವ ಮೊದಲು ಹೇಳುತ್ತದೆ, ನೀನು ದಾಟಿದ ಮೇಲೆ ಹೇಳುತ್ತೀ ಎಂದು ದೂರು. ಒಮ್ಮೆ ಹಾಗಾದದ್ದು ಹೌದು.

ಬೇರೆ ಸಮಯವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಎನ್.ಆರ್. ಪುರದಲ್ಲಿರುವ ನನ್ನ ಅಕ್ಕನಿಗೆ ಮುಂದಿನ ವಾರ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಮಾರನೆಯ ಬೆಳಿಗ್ಗೆ ಡಾಕ್ಟರು ಕಟ್ಟು ಬಿಚ್ಚಿದ ಕೂಡಲೇ ಮೊದಲು ನನ್ನ ಮುಖವನ್ನೇ ನೋಡಬೇಕೆಂದು ಅವಳ ಹಟ. ಯಾರ ಮುಖ ಮೊದಲು ನೋಡಬೇಕೆಂಬ ವಿಷಯದಲ್ಲಿ ಅವಳು ಬಹಳ ಕಟ್ಟುನಿಟ್ಟು. ಮೊದಲ ಬಸ್ಸಿಗೆ ಹೊರಟರೂ ಅಷ್ಟು ಹೊತ್ತಿಗೆ ಮುಟ್ಟುವಂತಿರಲಿಲ್ಲ.

ಕೊಪ್ಪದ ಅಂಗಡಿಯವನು ಡಬ್ಬಿ ನೋಡಿ, ಇದರ ಕಾಲ ಮುಗಿಯಿತು, ಹೊಸದು ತಗೊಳ್ಳಿ ಎಂದನಂತೆ. ನಿವೃತ್ತರಿಗೆ ಆ ಮಾತು ಹಿಡಿಸಲಿಲ್ಲ. ಸ್ಕ್ರೀನ್ ತರಿಸಿ ತಾವೇ ಹಾಕುವುದಾಗಿ ಹೇಳಿದರು. ಅದು ಬಂದದ್ದು ಅಕ್ಕನ ಆಪರೇಷನ್ನಿನ ದಿನವೇ.

ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಕೂತೆವು. ಹೊಲಿಗೆ ಯಂತ್ರದ ಸಣ್ಣ ಸ್ಕ್ರೂಡ್ರೈವರ್ ಸರಿಹೋಯಿತು. ಬಿಚ್ಚಿದ ಸ್ಕ್ರೂಗಳನ್ನು ಕುಂಕುಮದ ಬಟ್ಟಲಿನ ಮುಚ್ಚಳದಲ್ಲಿಟ್ಟೆ. ಒಡೆದ ಸ್ಕ್ರೀನ್ ಅಂಟಿಕೊಂಡು ಕೂತಿತ್ತು. ಬಿಸಿ ತಾಗಿಸಬೇಕು ಎಂದು ಮೊಬೈಲಿನ ವಿಡಿಯೋದಲ್ಲಿತ್ತು. ನನ್ನ ಮೊಣಕಾಲಿಗೆ ಕೊಡುವ ಉಪ್ಪಿನ ಗಂಟನ್ನೇ ಕಾವಲಿಯ ಮೇಲೆ ಬಿಸಿಮಾಡಿ ತಂದು ಸುತ್ತಲೂ ಶಾಖ ಕೊಟ್ಟೆ. ಇವರು ಬಾಣಂತಿಯ ಹತ್ತಿರ ಕೂತವರಂತೆ, ಸಾಕು, ಸಾಕು, ಅದಕ್ಕೆ ನೋವಾದೀತು ಎನ್ನುತ್ತಿದ್ದರು. ನನ್ನ ಕಾಲಿಗೆ ಯಾವತ್ತೂ ಹಾಗೆ ಹೇಳಿದವರಲ್ಲ. ಹೇರ್‌ಪಿನ್ನಿನಿಂದ ಎಬ್ಬಿಸಿದಾಗ ಎದ್ದು ಬಂತು. ಹೊಸ ಸ್ಕ್ರೀನಿನ ತೆಳ್ಳನೆಯ ಪಟ್ಟಿಯನ್ನು ಡಬ್ಬಿಯೊಳಗಿನ ಸಂದಿಗೆ ಸೇರಿಸಲು ಹೋದ ಇವರಿಗೆ ಸಂದಿಯೇ ಸಿಗಲಿಲ್ಲ. ನನ್ನದು ಸೂಜಿಗೆ ದಾರ ಪೋಣಿಸುವ ಕೈಯಲ್ವಾ, ನಾನು ಸೇರಿಸಿದೆ. ಬೆಳಕು ಬಂತು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಹೊಸ ವಸ್ತುವನ್ನು ಗಂಧ ಕುಂಕುಮ ಹಚ್ಚದೆ ಬಳಸುವುದು ನಮ್ಮಲ್ಲಿಲ್ಲ. ಸ್ಕ್ರೀನಿನ ನಡುವೆ ಬೆರಳೊತ್ತಿ ಬೊಟ್ಟಿಟ್ಟೆ. ಆ ಬೆರಳು ನಕ್ಷೆಯಲ್ಲಿ ಕೊಪ್ಪಕ್ಕೆ ಉಲ್ಟಾ ದಿಕ್ಕಿನ ಕೆರೆಕಟ್ಟೆಯ ಮೇಲೆ ಬಿದ್ದಿರಬೇಕು, ಅಲ್ಲಿಗೇ ದಾರಿ ಹೇಳತೊಡಗಿತು. ಗಾಬರಿಯಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸಿದಂತೆಲ್ಲ ಚಿತ್ರ ಬದಲಾಗಿ, ಕೊನೆಗೆ ಡಬ್ಬಿ ನಾವು ಹುಟ್ಟಿದಾರಭ್ಯ ಕೇಳದ ಯಾವುದೋ ಭಾಷೆಗೆ ಹೋಗಿಬಿಟ್ಟಿತು. ಅಕ್ಷರವೂ ಅದೇ. ವಾಪಸ್ ತರುವುದಾದರೂ ಹೇಗೆ, ಓದಲಿಕ್ಕೇ ಬಾರದ ಮೇಲೆ. ಇವರು ನೆನಪಿನ ಮೇಲೆ ಎನ್.ಆರ್. ಪುರ ಇದ್ದ ಜಾಗ ಒತ್ತಿ, ಆಯ್ತು ಎಂದರು.

ಆಗಿರಲಿಲ್ಲ. ಬೆಳಿಗ್ಗೆ ಕೊಪ್ಪದ ಕಡೆ ಹೊರಟ ಕೂಡಲೇ ಅದು ಬಡಬಡಿಸತೊಡಗಿತು. ಇವರು ಕಾರು ನಿಲ್ಲಿಸಿ, ಎಡ ಯಾವುದು ಬಲ ಯಾವುದು ತಿಳಿಯದೆ ಹೋಗುವುದು ಹೇಗೆ ಎಂದರು. ನನ್ನ ಕಣ್ಣ ಮುಂದೆ ಅಕ್ಕನ ಕಟ್ಟು.

"ನೇರ ಅಂತ ಹೇಳ್ತಾ ಉಂಟು," ಅಂದೆ.

"ಈ ಭಾಷೆ ನಿನಗೆ ಬರ್ತದಾ?"

"ಹೆಂಗಸಿನ ಮಾತಲ್ವಾ, ಅರ್ಥ ಆಗ್ತದೆ."

ಕಾರು ಹೊರಟಿತು. ನನ್ನ ತವರಿನ ದಾರಿ. ಎಡ ಬಂದಾಗ ಎಡವಂತೆ ಎಂದೆ, ಬಲ ಬಂದಾಗ ಬಲವಂತೆ ಎಂದೆ, ಅದೂ ತಿರುವು ಬರುವ ಮೊದಲೇ. ಅಷ್ಟು ವರ್ಷ ಕೇಳದವರು, ಮಾತಿನ ಕೊನೆಗೆ "ಅಂತೆ" ಹಚ್ಚಿದ್ದೇ ತಡ, ಸ್ಟೇರಿಂಗ್ ತಿರುಗಿಸಿದರು. ಕೊಪ್ಪ ದಾಟುವಾಗ ಮಾತ್ರ ಅನುಮಾನ ಬಂತು.

"ಕೆರೆಕಟ್ಟೆ ಕೆರೆಕಟ್ಟೆ ಅಂತದಲ್ಲ ಮಾರಾಯ್ತಿ?"

"ಕೆರೆಕಟ್ಟೆ ಕಡೆ ಹೋಗಬೇಡಿ ಅಂತ."

"ಅಷ್ಟುದ್ದ ಹೇಳಿತಲ್ಲ?"

"ಗುಂಡಿ ಉಂಟು, ನಿಧಾನ ಹೋಗಿ, ವಯಸ್ಸಾದವರು ಅಂತಲೂ ಹೇಳಿತು."

ಹಿಂದೆಲ್ಲ ಇದಕ್ಕೆ ಇಷ್ಟು ಕಾಳಜಿ ಇರಲಿಲ್ಲ, ಸ್ಕ್ರೀನ್ ಹಾಕಿದ್ದು ಒಳ್ಳೆಯದಾಯಿತು ಎಂದರು. ಡಬ್ಬಿ ಪಾಪ, ಎನ್.ಆರ್. ಪುರದವರೆಗೂ ನಮ್ಮನ್ನು ಹಿಂದೆ ತಿರುಗಿಸಲು ನೋಡಿತು.

ನಾವು ಆಸ್ಪತ್ರೆಯ ಒಳಗೆ ಹೋಗುವಾಗ ಡಾಕ್ಟರು ಕೈ ತೊಳೆಯುತ್ತಿದ್ದರು. ಅಕ್ಕನ ಎದುರಿಗೆ ಹೋಗಿ ಕೂತೆ. ಕಟ್ಟು ಬಿಚ್ಚಿದರು. ಅಕ್ಕ ರೆಪ್ಪೆ ಬಡಿದು ನನ್ನನ್ನು ತುಂಬ ಹೊತ್ತು ನೋಡಿದಳು.

"ಇಷ್ಟು ಮುದುಕಿ ಯಾವಾಗ ಆದ್ಯೇ?"

ಕಣ್ಣು ಚೆನ್ನಾಗಿ ಬಂದಿದೆ ಎಂದು ಡಾಕ್ಟರು ಬೇರೆ ಹೇಳಬೇಕಾಗಲಿಲ್ಲ. ಮನಸ್ಸಿನಲ್ಲೇ ಶೃಂಗೇರಿಯ ಶಾರದಮ್ಮನಿಗೆ ಕೈಮುಗಿದೆ. ಅಕ್ಕ ಒಲೆಯ ಹತ್ತಿರ ಹೋಗಬಾರದಲ್ಲ, ಅವಳ ಮನೆ ಮುಟ್ಟಿದ ಮೇಲೆ ಸೆರಗು ಸಿಕ್ಕಿಸಿ, ಸಾರಿಗೆ ಬೇಳೆ ತೊಳೆಯಲು ಕೂತೆ.